ಸದ್ದಿಲ್ಲದ ಹಾವು

ಕಬ್ಬಿಣದ ಹಾವು ಅಪ್ಪನ ಎಡಗೈಯಿಂದ ಬಲಗೈಗೆ ಪೂರ್ತಿ ಇಳಿಯುವ ಮೊದಲೇ ಫುಸಾಳ ಕಿವಿಗೆ ಆ ಸದ್ದು ಬಿತ್ತು. ಹಾವಿನ ಮೈಯನ್ನು ಜೋಡಿಸಿದ ಬಳೆಗಳಲ್ಲಿ, ಕುತ್ತಿಗೆಯಿಂದ ಗೇಣುದ್ದ ಕೆಳಗಿನ ಒಂದು ಪಕ್ಕದ ಬಳೆಗೆ ಉಜ್ಜಿ ಸಣ್ಣಗೆ ಕಟಕ್ಕೆಂದಿತ್ತು. ಜಿನ್‌ಪಾಚಿ ತಲೆಯೆತ್ತಿ ಮಗಳ ಮುಖ ನೋಡಿದ. ಅವನಿಗೆ ಕೇಳಿಸಿರಲಿಲ್ಲ. ಏನೊಂದೂ ಕೇಳಿಸದೆ ವರ್ಷಗಳೇ ಆಗಿದ್ದವು.

ಅವನ ಅಪ್ಪ ದೊರೆಗಳಿಗೆ ಕವಚ ಮಾಡುತ್ತಿದ್ದವನು. ಸೊಂಟಕ್ಕೆ ಕತ್ತಿ ಕಟ್ಟುವ ಕಾಲವೇ ಮುಗಿದ ಮೇಲೆ ಮಗ ಅದೇ ಸುತ್ತಿಗೆ ಹಿಡಿದು ಮೈ ಬಳುಕಿಸುವ ಹಾವು, ಕಾಲಾಡಿಸುವ ಏಡಿ, ಮಿಡತೆಗಳನ್ನು ಮಾಡಿ ಕ್ಯೋಟೋದ ಕುರಾಹಾಶಿ ಕಾರ್ಖಾನೆಯಲ್ಲಿ ಹೆಸರು ಮಾಡಿದ. ಹೆಸರು ಎಂದರೆ ಆ ನಾಲ್ಕು ಗೋಡೆಯೊಳಗಿನ ಹೆಸರು. ಹಾವಿನ ಗದ್ದದಡಿ ಕೊರೆಯುತ್ತಿದ್ದದ್ದು ಯಜಮಾನರ ಹೆಸರನ್ನೇ. ಕಬ್ಬಿಣಕ್ಕೆ ಹಾಕಿದ ಪೆಟ್ಟೆಲ್ಲ ಅವನ ಕಿವಿಗೂ ಬಿದ್ದಿತ್ತು. ಹಾವನ್ನು ಕೈಯಿಂದ ಕೈಗೆ ಸುರಿದರೆ ಎಣ್ಣೆ ಸುರಿದ ಹಾಗಿರಬೇಕು, ಒಂದು ಬಳೆಯೂ ಸದ್ದು ಮಾಡಬಾರದು. ಸದ್ದು ಕೇಳಿಸದವನಿಗೆ ಅಲ್ಲಿ ಹಾವಿನ ಕೆಲಸವಿರಲಿಲ್ಲ. ಹಾಗಾಗಿ ಅವನು ಜನರ ಬಾಯಿ ನೋಡಿ ಮಾತು ತಿಳಿಯುವುದನ್ನು ಕಲಿತ; ತಿಳಿಯದಿದ್ದಾಗ ಸುಮ್ಮನಿದ್ದ. ಜಂಭದ ಮುದುಕ ಎಂದು ಜೊತೆಯವರು ಆಡಿಕೊಂಡರು. ಕೊನೆಯ ಜೋಡಣೆಯನ್ನು ಅವನು ಮನೆಗೆ ತಂದು ಮಾಡುತ್ತಿದ್ದ; ಅಲ್ಲಿ ಫುಸಾ ಅವನ ಕಿವಿಯಾದಳು. ಗುಟ್ಟು ಅಪ್ಪ ಮಗಳ ನಡುವೆಯೇ ಉಳಿಯಿತು.

ಈ ಹಾವನ್ನು ಅವಳ ಮಾತಿನ ಮೇಲೆ ಅವನು ಆಗಲೇ ಎರಡು ಸಲ ಬಿಚ್ಚಿದ್ದ. ಚಳಿಗೆ ಬೆರಳ ತುದಿಗಳು ಒಡೆದು ರಕ್ತ ಬರುತ್ತಿತ್ತು. ಅತ್ತ ಓತ್ಸು ಊರಿನಲ್ಲಿ ಛತ್ರಿ ಮಾಡುವವನೊಬ್ಬ, ಹೆಂಡತಿ ಸತ್ತವನು, ಫುಸಾಳನ್ನು ಮದುವೆಗೆ ಕೇಳಿ ಕಾದು ಕೂತಿದ್ದ. ಈ ಹಾವು ಮುಗಿಯಲಿ ಎನ್ನುತ್ತಿದ್ದ ಅಪ್ಪ. ಇದಕ್ಕೆ ಮೊದಲು ಏಡಿ ಮುಗಿಯಲಿ ಎಂದಿದ್ದ. ಇನ್ನೊಂದು ವರ್ಷ ಹೋದರೆ ಯಾರೂ ಕೇಳಿ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನ ಮೇಲೆ ಕನಿಕರ ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಇಷ್ಟು ಸಣ್ಣ ಸದ್ದು ತನ್ನ ಕಿವಿಗಲ್ಲದೆ ಇನ್ನಾರಿಗೆ ಕೇಳಿಸೀತು ಎಂದುಕೊಂಡಳು.

"ಸದ್ದಿಲ್ಲಪ್ಪ. ಈ ಸಲ ಸರಿಹೋಯ್ತು."

ಜಿನ್‌ಪಾಚಿ ಉಸಿರು ಬಿಟ್ಟ. "ನೀನು ಹೇಳಿದ್ಮೇಲೆ ಮುಗೀತು ಬಿಡು. ನಾಳೇನೇ ಓತ್ಸುಗೆ ಹೇಳಿ ಕಳಿಸ್ತೀನಿ."

ಅವಳಿಗೆ ಖುಷಿಯಾಗಲಿಲ್ಲ.

ಮರುದಿನ ಹಾವನ್ನು ಸುರಿದು ನೋಡಲು ಕಾರ್ಖಾನೆಯವರೆಲ್ಲ ಸುತ್ತಿಗೆ ಕೆಳಗಿಟ್ಟು ಕೂತರು. ಸುರಿದು ಮುಗಿಯುವ ತನಕ ಯಾರೂ ಕೆಮ್ಮುವಂತೆಯೂ ಇರಲಿಲ್ಲ. ಬುತ್ತಿ ತಂದ ನೆಪದಲ್ಲಿ ಫುಸಾ ಬಾಗಿಲ ಬಳಿ ಉಳಿದಳು. ಕುರಾಹಾಶಿ ಯಜಮಾನರು ಹಾವನ್ನು ಕೈಯಿಂದ ಕೈಗೆ ಇಳಿಸಿದರು. ಕಟಕ್. ಮತ್ತೆ ಇಳಿಸಿದರು. ಕೋಣೆಯ ಮೂಲೆಯಲ್ಲಿದ್ದವನಿಗೂ ಕೇಳಿಸಿತು. ಯಜಮಾನರು ಹಾವಿನ ಮೇಲೆ ಬಗ್ಗಿಸಿದ ತಲೆ ಎತ್ತದೆಯೇ ಹೇಳಿದರು:

"ಇದು ಕಟಗುಟ್ತಾ ಇದೆಯಲ್ಲಪ್ಪ ಜಿನ್‌ಪಾಚಿ. ನಿನ್ನ ಕೈಯಿಂದ ಇಂಥದ್ದು ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಜಿನ್‌ಪಾಚಿಗೆ ಕಂಡದ್ದು ಅವರ ಗದ್ದ ಅಲುಗಿದ್ದು ಮಾತ್ರ. ಅವನು ಹಣೆ ಚಾಪೆಗೆ ತಾಗುವಂತೆ ಬಾಗಿದ. "ಎಲ್ಲ ನಿಮ್ಮ ದಯೆ ಯಜಮಾನ್ರೇ. ಇದಕ್ಕಿಂತ ಚೆನ್ನಾಗಿ ಮಾಡೋದು ನನ್ನ ಕೈಲಾಗಲ್ಲ."

ಯಾರೋ ಕಿಸಕ್ಕೆಂದವನು ಅಲ್ಲಿಗೇ ನಿಲ್ಲಿಸಿದ. ಯಜಮಾನರು ತಲೆಯೆತ್ತಿ ಮುದುಕನನ್ನಲ್ಲ, ಬಾಗಿಲ ಬಳಿಯಿದ್ದ ಮಗಳನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ಫುಸಾಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ತಲೆಯೆತ್ತಿದ ಜಿನ್‌ಪಾಚಿ ಒಬ್ಬೊಬ್ಬರ ಮುಖ ನೋಡುತ್ತ ಬಂದು ಕೊನೆಗೆ ಮಗಳ ಮುಖದಲ್ಲಿ ಕಣ್ಣು ನಿಲ್ಲಿಸಿದ. ಮುಂದಕ್ಕೆ ತೆವಳಿ ಯಜಮಾನರ ಕೈಯಿಂದ ಹಾವು ತೆಗೆದುಕೊಂಡ. ಅದರ ಬಾಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೈಯನ್ನು ಅಂಗೈಗಳ ಮೇಲೆ ನಿಧಾನವಾಗಿ ಜಾರಿಸಿದ. ಕುತ್ತಿಗೆಯಿಂದ ಗೇಣುದ್ದ ಕೆಳಗಿನ ಬಳೆ ಬಂದಾಗ ಅದರ ಅದುರು ಹಲ್ಲಿನಿಂದ ದವಡೆಗೆ ತಾಗಿತು. ಅಲ್ಲಿ ಬೆರಳಿಟ್ಟ.

"ನಿಂಗೆ ಗೊತ್ತಿತ್ತಾ?"

ಫುಸಾ ಹೌದೆಂದು ತಲೆಯಾಡಿಸಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ಈ ಸಲ ಅವನಿಗೆ ಬಾಯಿ ಕಾಣುವಂತೆ ಎದುರು ಕೂತು, ಇದನ್ನು ಬಿಚ್ಚಿ ಸರಿ ಮಾಡು, ಮುಂದಿನದು ಆಮೇಲೆ ನೋಡೋಣ ಎಂದರು. ಅದು ಎಂಥ ನೋಡೋಣ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮನೆಗೆ ಬಂದು ಜಿನ್‌ಪಾಚಿ ಮೊಳೆ ಕಿತ್ತು, ಬಳೆಯ ಒಳಗಂಚನ್ನು ಅರದಿಂದ ಕೂದಲೆಳೆಯಷ್ಟು ತೀಡಿ ಮತ್ತೆ ಕೂರಿಸಿದ. ಫುಸಾ ಎಂದಿನಂತೆ ಅವನೆದುರು ಕೂತು ಮುಖವೆತ್ತಿಕೊಂಡಿದ್ದಳು. ಅವನು ಬಾಲ ಕಚ್ಚಿಕೊಂಡು, ಅವಳಿಗೆ ಬೆನ್ನು ಮಾಡಿ ತಿರುಗಿ ಕೂತ. ಹಾವು ಕೈಯಿಂದ ಕೈಗೆ ಹರಿಯಿತು. ನಿಜಕ್ಕೂ ಸದ್ದಿರಲಿಲ್ಲ.

"ಸದ್ದಿಲ್ಲಪ್ಪ," ಎಂದಳು ಫುಸಾ.

ಅವನ ಮುಖ ಗೋಡೆಯ ಕಡೆಗಿತ್ತು. ಹಾವನ್ನು ಮತ್ತೆ ಮೊದಲಿನಿಂದ ಇಳಿಸತೊಡಗಿದ.