ಗೇಟಿನ ಒಳಗಿನ ಧರ್ಮ

ಚಿಕ್ಕಲಸಂದ್ರದ ಆ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬೇಸಿಗೆಗೆ ಬತ್ತಿಹೋಯಿತು. ಬಂದ ಒಂದು ಟ್ಯಾಂಕರ್ ನೀರು ಎರಡು ಬ್ಲಾಕಿಗೂ ಸಾಲದು. ಯಾವುದರ ವಾಲ್ವ್ ಮುಚ್ಚಬೇಕೆಂದು ಅಧ್ಯಕ್ಷೆ ಕಮಲಾದೇವಿಯೇ ಹೇಳಬೇಕಿತ್ತು.

“ಚಿಕ್ಕ ಬ್ಲಾಕಿಂದು ಮುಚ್ಚಿ,” ಎಂದಳು.

ಆ ಬ್ಲಾಕಿನ ನಂದಕುಮಾರ್ ಓಡಿಬಂದರು. “ಮೇಡಂ, ನಮ್ಮ ಸೊಸೆ ಹಸಿ ಬಾಣಂತಿ. ಎರಡು ಕೊಡ ಆದ್ರೂ ಬಿಡ್ಸಿ.”

ಕೋವಿಡ್ ಕಾಲದಲ್ಲಿ ಅಧ್ಯಕ್ಷರಾಗಿದ್ದವರು ಇದೇ ನಂದಕುಮಾರ್. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ವಾಪಸು ಬಂದ ಕಮಲಾದೇವಿಯ ಗಂಡನಿಗೆ ಅವರು ಗೇಟು ತೆಗೆಸಲಿಲ್ಲ. “ನೂರು ಜನ ಉಳೀಬೇಕಂದ್ರೆ ಒಬ್ರು ಕಷ್ಟಪಡ್ಲೇಬೇಕಮ್ಮ, ಅದೇ ಧರ್ಮ,” ಎಂದು ಒಳಗಿನಿಂದಲೇ ಹೇಳಿದ್ದರು. ಗಂಡ ಬೀದಿಯಲ್ಲೇ, ಕಾರಿನ ಹಿಂದಿನ ಸೀಟಿನಲ್ಲಿ ಪ್ರಾಣ ಬಿಟ್ಟಿದ್ದ.

“ನೀವೇ ಕಲಿಸಿದ ಧರ್ಮ ಸಾರ್. ನೂರು ಜನ ಉಳೀಬೇಕಲ್ವಾ?”

“ಸೇಡು ತೀರಿಸ್ಕೋತಿದೀರಾ? ನಿಮ್ಮ ಮನೇನೂ ಇದೇ ಬ್ಲಾಕಲ್ಲೇ ಅಲ್ವೇನ್ರೀ!”

ಹೌದು. ಲಿಂಗಪೂಜೆಯಾಗದೆ ತೊಟ್ಟು ನೀರೂ ಬಾಯಿಗೆ ಹಾಕದವಳು ಅವಳು. ಇವತ್ತು ಬೆಳಗಿನಿಂದ ನಲ್ಲಿ ಒಣಗಿದ್ದರೂ, ಟ್ಯಾಂಕರಿನಿಂದ ಲಿಂಗದ ಮಜ್ಜನಕ್ಕೆಂದು ಒಂದು ತಂಬಿಗೆಯನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ಮಧ್ಯಾಹ್ನವಾಗಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಆ ದಾಹವೂ ಅವಳಿಗೆ ಹಿತವಾಗಿತ್ತು.

“ಹೂಂ, ಸೇಡೇ,” ಎಂದಳು. “ಆದ್ರೆ ನಿಮ್ಮ ಥರ ಗೇಟಿನ ಒಳಗೆ ನಿಂತ್ಕೊಂಡು ಧರ್ಮ ಹೇಳ್ತಿಲ್ಲ, ಸಾರ್.”