ಹೇಲಿಯೋಸನಿಗೆ ಜೇನು

ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಕೂಟದಲ್ಲೇ ನಾಲ್ಕಾರು ಮಂದಿ ಇದ್ದಾರೆ. ನಾನು ಹಗಲು ಗ್ರೀಸಿನ ವೋಲೋಸ್ ಪಟ್ಟಣದ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಸಂಜೆ ತರಗತಿಯಲ್ಲಿ ಹಳೆಯ ಗ್ರೀಕ್ ಕಲಿತವಳು. ಆದರೆ ತಪ್ಪು ಮಾಡಿದವಳು ನಾನೇ ಆದ್ದರಿಂದ ಹೇಳಲು ಹೊರಟಿದ್ದೇನೆ. ಕ್ಷಮಿಸಬೇಕು.

ಕ್ರೈಸ್ತಮತಕ್ಕೂ ಹಿಂದಿನ ಹಳೆಯ ಗ್ರೀಕ್ ದೇವರುಗಳನ್ನು, ಹನ್ನೆರಡು ಮುಖ್ಯ ದೇವರನ್ನೂ ಉಳಿದವರನ್ನೂ, ಪೂಜಿಸುವವರು ನಾವು ಹನ್ನೊಂದು ಜನ. ವರ್ಷದ ಅತಿ ದೀರ್ಘ ಹಗಲಿನಂದು ಬೆಟ್ಟದ ದಿಣ್ಣೆಯೊಂದರ ಮೇಲೆ ಹುಟ್ಟುವ ಸೂರ್ಯನಿಗೆ, ನಮ್ಮ ಹೇಲಿಯೋಸನಿಗೆ, ಅರ್ಘ್ಯ ಕೊಡುತ್ತೇವೆ. ಆ ಸಲ ಅರ್ಘ್ಯ ಸುರಿಯುವ ಸರದಿ ಮೊದಲ ಬಾರಿಗೆ ನನ್ನದು. ಸ್ತೋತ್ರ ಮರೆತುಹೋದೀತೆಂದು ಒಂದು ವಾರ ನಿದ್ದೆ ಇರಲಿಲ್ಲ. ಬಟ್ಟಲು, ಧೂಪ, ಬಾರ್ಲಿ ಎಲ್ಲವನ್ನೂ ಮೂರು ಸಲ ನೋಡಿ ಚೀಲಕ್ಕೆ ತುಂಬಿದ್ದೆ.

ದಿಣ್ಣೆ ಹತ್ತಿದಾಗ ಸಮುದ್ರದ ಮೇಲೆ ಬೆಳಕು ಹರಿಯುತ್ತಿತ್ತು. ನಮ್ಮ ಹಿರಿಯ ಥ್ರಾಸಿವೂಲೋಸ್ ನನ್ನ ಬಾಟಲಿಯ ಬಿರಡೆ ತೆಗೆದು ಮೂಸಿದರು.

“ಅಮ್ಮಾ ಗರೂಫಲಿಯಾ, ಇದು ವೈನು!”

“ಹೌದು, ನಮ್ಮೆಜಮಾನ್ರು ಮಾಡಿದ್ದು...”

“ಬೇರೆ ದೇವರಿಗಾದ್ರೆ ಸರಿ. ಇವನು ರಥ ಓಡಿಸೋನು, ಇವನಿಗೆ ಜೇನು ಅನ್ನೋದು ಮರೆತ್ಯಾ? ನಾನು ಮೂವತ್ತು ವರ್ಷ ಬಸ್ ಓಡಿಸ್ದೋನು, ಡ್ಯೂಟಿ ಮೇಲೆ ಒಂದು ತೊಟ್ಟು ಮುಟ್ಟಿಲ್ಲ!”

ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿತು. ಜೇನು ಸಿಗುವ ಮನೆ ಹತ್ತಿರದಲ್ಲಿ ಒಂದೇ, ಕೆಳಗಿನ ತಿರುವಿನಲ್ಲಿದ್ದ ನನ್ನ ಅತ್ತೆ ಅರ್ಗಿರೋ ಅವರದು. ನಾನು ಚರ್ಚಿಗೆ ಹೋಗುವುದನ್ನು ಬಿಟ್ಟಾಗಿನಿಂದ, ಎರಡು ವರ್ಷ, ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಓಡಿದೆ. ಅತ್ತೆ ಆಗಲೇ ಎದ್ದು ಜೇನುಪೆಟ್ಟಿಗೆಗಳ ನಡುವೆ ನಿಂತಿದ್ದರು. ಏದುಸಿರಿನಲ್ಲೇ ಇದ್ದದ್ದನ್ನು ಇದ್ದಂತೆ ಹೇಳಿದೆ.

“ಹನ್ನೆರಡು ದೇವರನ್ನ ಕಟ್ಕೊಂಡಿದೀಯ, ಒಬ್ಬನೂ ಜೇನು ಸಾಕಿಲ್ವೇನೇ?”

“ಇವನು ಆ ಹನ್ನೆರಡರಲ್ಲಿ ಇಲ್ಲ ಅತ್ತೆ.”

“ಅಯ್ಯೋ ದೇವ್ರೇ, ಹದಿಮೂರನೆಯವನು ಬೇರೆ!”

ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದರು. ಇನ್ನು ಬರುವುದಿಲ್ಲವೆಂದೇ ತಿಳಿದೆ. ಬಂದರು, ಆ ವರ್ಷದ, ಇನ್ನೂ ಮುಚ್ಚಳ ತೆಗೆಯದ ಜಾಡಿ ಹಿಡಿದುಕೊಂಡು. ನಾನು ಕೈ ಚಾಚಿದರೆ ಕೊಡಲಿಲ್ಲ.

“ನಿನ್ ಕೈಗೆ ಕೊಟ್ರೆ ದಾರೀಲೇ ಒಡೆದು ಹಾಕ್ತೀಯ. ನಾನೇ ತರ್ತೀನಿ. ನಡಿ ನಡಿ, ಅವನು ನಿನಗೋಸ್ಕರ ಕಾಯ್ತಾನಾ?”

ನಾವು ಮೇಲೆ ತಲುಪುವುದಕ್ಕೂ ಸೂರ್ಯನ ಅಂಚು ಕಾಣುವುದಕ್ಕೂ ಸರಿಹೋಯಿತು. ಬಟ್ಟಲಿಗೆ ಜೇನು ತುಂಬಿ ಸ್ತೋತ್ರ ಆರಂಭಿಸಿದೆ. ಒಂದು ಪದವೂ ತಪ್ಪಲಿಲ್ಲ. ಆದರೆ ಸ್ತೋತ್ರ ಮುಗಿದರೂ ಜೇನು ಬಟ್ಟಲು ಬಿಟ್ಟು ಕದಲಲಿಲ್ಲ.

“ಇನ್ನೂ ಓರೆ ಮಾಡೇ!” ಅತ್ತೆ ಹಿಂದಿನಿಂದ ಕೂಗಿದರು. “ಜೇನು ಅದು, ನೀರಲ್ಲ! ಇನ್ನೊಂದ್ಸಲ ಹಾಡು, ಅಷ್ಟ್ರಲ್ಲಿ ಇಳಿಯುತ್ತೆ!”

ಮತ್ತೆ ಹಾಡಿದೆ. ಥ್ರಾಸಿವೂಲೋಸ್ ನಗುತ್ತಲೇ ದನಿಗೂಡಿಸಿದರು, ಆಮೇಲೆ ಎಲ್ಲರೂ. ಬಿಸಿಲು ತಾಗಿದ ಜೇನು ಎಳೆಯೆಳೆಯಾಗಿ ಕಲ್ಲಿನ ಮೇಲೆ ಇಳಿಯಿತು. ನಂತರ ವೈನನ್ನು ನಾವೇ ಕುಡಿದೆವು. ಅತ್ತೆ ಎರಡು ಲೋಟ ಮುಗಿಸಿ, “ನನ್ನ ಮಗ ಇನ್ನೂ ವೈನ್ ಮಾಡೋದು ಕಲೀಲಿಲ್ಲ” ಎಂದು ಎಲ್ಲರೆದುರು ಹೇಳಿದರು. ದಿಣ್ಣೆ ಇಳಿಯುವಾಗ ನನ್ನ ತೋಳು ಹಿಡಿದುಕೊಂಡೇ ಇಳಿದರು.

ಎರಡು ಸಲ ಹಾಡಿದ್ದು ಶಾಸ್ತ್ರಕ್ಕೆ ಸರಿಯೋ ಅಲ್ಲವೋ, ನನಗೆ ತಿಳಿಯದು. ಅತ್ತೆ ಜೇನು ಕೊಟ್ಟದ್ದು ಆ ದೇವರಿಗೋ, ನನಗೋ, ಅದೂ ಗೊತ್ತಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.