ಸೂಗಮ್ಮನ ಮಾಳಿಗೆಯ ಪೈನ್ ತೊಲೆಗಳು

ಶಹಾಬಾದಿನಲ್ಲಿ ಕಟ್ಟಿಗೆ ಮೂಸಿಯೇ ಯಾವ ಮರದ್ದೆಂದು ಹೇಳುವ ಬಡಿಗ ಒಬ್ಬನೇ ಇದ್ದ, ಸಾಯಬಣ್ಣ. ಆ ದಿನ ಮಾತ್ರ ಅವನ ಮೂಗು ಸೋತಿತು. ಗುರುಲಿಂಗಯ್ಯನ ಕಲ್ಲಿನ ಅಡ್ಡೆಯಲ್ಲಿ ಹತ್ತು-ಹನ್ನೆರಡು ದಿಮ್ಮಿ ಬಿದ್ದಿದ್ದವು. ಬಿಳಿಚು ಹಳದಿ ಬಣ್ಣ, ಮೈತುಂಬ ಗಂಟು, ಧೂಪದಂಥ ವಾಸನೆ. ಬಾಚಿ ತಾಕಿಸಿದರೆ ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ವಿಲಾಯತಿಯಿಂದ ವಾಡಿ ಸ್ಟೇಷನ್ನಿಗೆ ಬಂದ ಯಂತ್ರಗಳ ಅಡಿಗೆ ಹಾಕಿದ್ದ ಕಟ್ಟಿಗೆಯದು. ಹರಾಜಿಗೆ ಬಂದಾಗ ಗುರುಲಿಂಗಯ್ಯ ಹಿಡಿದು ತಂದಿದ್ದ.

"ಪೈನ್ ಮರ ಅಂತಾರ, ಥಂಡಿ ದೇಶದ್ದು," ಎಂದ ಗುರುಲಿಂಗಯ್ಯ. "ಸೂಗಮ್ಮನ ಖೋಲಿಗಿ ಇವೇ ತೊಲಿ ಹಾಕು."

ಸೂಗಮ್ಮ ಅವನ ತೀರಿಹೋದ ತಮ್ಮನ ಹೆಂಡತಿ. ಮಕ್ಕಳಿಲ್ಲ. ಹಿತ್ತಲಿನಲ್ಲಿ ಎರಡು ಖೋಲಿ ಕಟ್ಟಿಕೊಡಬೇಕು, ಅವಳು ಇರುವ ತನಕ ಅವಳವು, ಆಮೇಲೆ ಜಾಗ ಗುರುಲಿಂಗಯ್ಯನಿಗೆ ಎಂದು ಹಿರಿಯರು ತೀರ್ಮಾನ ಹೇಳಿದ್ದರು.

ಸಾಯಬಣ್ಣ ದಿಮ್ಮಿಯನ್ನು ಉಗುರಿನಿಂದ ಗೀರಿ ನೋಡಿದ. "ಪೆಟಗಿ ಮಾಡ್ಲಿಕ್ಕ ಚೊಲೊ ಅದರಿ ಅಯ್ನೋರ, ಮಾಳಗಿಗಿ ಅಲ್ಲ. ಒರಲಿ ಹುಳಕ್ಕ ಇದು ಸಕ್ಕರಿ ಇದ್ದಂಗ. ಮ್ಯಾಲ ಫರಸಿ ಕಲ್ಲು, ಫರಸಿ ಮ್ಯಾಲ ಮೊಳ ಮಣ್ಣು. ಆರೇಳು ವರ್ಷ ತಡದ್ರ ಭಾಳ."

"ಆರೇಳು ವರ್ಷ ಅಕಿಗಿ ಸಾಕಲ್ಲ?"

ಸಾಯಬಣ್ಣ ಅವನ ಮುಖ ನೋಡಿದ. ಗುರುಲಿಂಗಯ್ಯ ನಗುತ್ತಿರಲಿಲ್ಲ. ಅಡ್ಡೆಯ ಆಚೆ ತುದಿಯಲ್ಲಿ ಸಾಯಬಣ್ಣನ ಇಬ್ಬರು ಮಕ್ಕಳೂ ಕಲ್ಲು ಕೊಯ್ಯುತ್ತಿದ್ದರು. ಊರಿನ ಹೊಸ ಮನೆಗಳ ಬಾಗಿಲ ಕೆಲಸವೆಲ್ಲ ಗುರುಲಿಂಗಯ್ಯನ ಒಂದು ಮಾತಿನಿಂದಲೇ ಸಾಯಬಣ್ಣನ ಮನೆಗೆ ಬರುತ್ತಿತ್ತು.

"ಡಾಂಬರ ಬಳದು ಹಾಕ್ತೀನ್ರಿ," ಎಂದ.

"ಛಂದಾಗಿ ಬಳಿ. ಕಟಗಿ ಬಣ್ಣ ಯಾರಿಗೂ ಕಾಣಬಾರದು."

ಹಾಗೇ ಆಯಿತು. ಗುರುಲಿಂಗಯ್ಯನ ಮನೆಗೆ ಸಾಗವಾನಿ, ಸೂಗಮ್ಮನ ಖೋಲಿಗೆ ಡಾಂಬರು ಬಳಿದ ಪೈನು. ಮನೆ ತುಂಬುವ ದಿನ ಸೂಗಮ್ಮ ಸಾಯಬಣ್ಣನಿಗೆ ಹೋಳಿಗೆ ಬಡಿಸಿ, "ನಿನ್ನ ಕೈಯಾಗಿನ ಕೆಲಸ ಅಂದ್ರ ನಾ ನಿಶ್ಚಿಂತಿ ನೋಡಣ್ಣ," ಎಂದಳು. ಅವನು ತಲೆ ಬಗ್ಗಿಸಿ ಉಂಡ.

ಮೊದಲ ಮಳೆಗಾಲಕ್ಕೇ ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗಳಿಗೆ ನೀಲಿ ಬೂಜು ಹಿಡಿಯಿತು. ನಾಲ್ಕನೆಯ ವರ್ಷ ಗೋಡೆಯ ಮೇಲೆ ಮಣ್ಣಿನ ಗೆರೆಯೊಂದು ಬೆರಳ ದಪ್ಪಕ್ಕೆ ಏರಿತು. ಸೂಗಮ್ಮ ಕಸಬರಿಗೆಯಿಂದ ಗುಡಿಸಿ ಹಾಕಿದಳು. ವಾರದೊಳಗೆ ಗೆದ್ದಲು ಅದನ್ನು ಮತ್ತೆ ಕಟ್ಟಿತು.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ, ಬೇಸಿಗೆಯಲ್ಲಿ, ಅವಳು ಸಾಯಬಣ್ಣನಿಗೆ ಹೇಳಿಕಳಿಸಿದಳು. ಹೊಲಿಯಲಿಕ್ಕೆ ಹಾಸಿದ್ದ ಕೌದಿಯ ಮೇಲೆ ಹಳದಿ ಹಿಟ್ಟು ಬಿದ್ದಿತ್ತು.

"ದಿನಾ ಹಿಂಗ ಉದುರ್ಲಿಕತ್ತದ ಅಣ್ಣ. ಬರಿ ಹುಳಾನೋ, ಮಾಳಗಿ ಬೀಳೋ ಧೋಕಾ ಅದನೋ?"

ಸಾಯಬಣ್ಣ ಏಣಿ ಹತ್ತಿ ಉಳಿಯ ಹಿಡಿಯಿಂದ ನಡುವಿನ ತೊಲೆಯನ್ನು ತಟ್ಟಿದ. ಒಣ ಸೋರೆಬುರುಡೆ ತಟ್ಟಿದ ಹಾಗೆ ಸಪ್ಪಳ ಬಂತು. ಡಾಂಬರಿನ ಸಿಪ್ಪೆಯೊಂದೇ ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ಕೆಳಗೆ ಸೂಗಮ್ಮ ಏಣಿ ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ಗುರುಲಿಂಗಯ್ಯ ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದ.

ಹೊರಗೆ ಬಾ ತಾಯಿ, ಇವತ್ತೇ ಬಾ ಎನ್ನುವ ಮಾತು ಸಾಯಬಣ್ಣನ ಗಂಟಲ ತನಕ ಬಂದಿತು.

"ಏನಿಲ್ಲ ಬಿಡವ್ವಾ," ಎಂದ. "ಸೀಮೆಎಣ್ಣಿ ಹೊಡಿ. ಗಟ್ಟಿ ಅದ."

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಸೂಗಮ್ಮ ರೊಟ್ಟಿ ಬಡಿಯುತ್ತ ಕೂತಿದ್ದಾಗ ನಡುವಿನ ತೊಲೆ ಮುರಿದು ಆರು ಫರಸಿ ಒಟ್ಟಿಗೆ ಇಳಿದವು. ಕಲ್ಲು ಎತ್ತಲು ಓಡಿ ಬಂದವರಲ್ಲಿ ಸಾಯಬಣ್ಣನೂ ಒಬ್ಬ. ಅವಳು ಚೀರಲಿಲ್ಲ. ಟೊಂಕದ ಕೆಳಗೆ ಏನೂ ತಿಳಿಯುತ್ತಿಲ್ಲ ಎಂದಷ್ಟೇ ಹೇಳಿದಳು. ಕಲಬುರ್ಗಿಯ ದವಾಖಾನೆಯಲ್ಲಿ ಎರಡು ತಿಂಗಳಿದ್ದರೂ ಅವಳ ಕಾಲಿಗೆ ಶಕ್ತಿ ಬರಲಿಲ್ಲ.

ಅವಳನ್ನು ಹೊರಸಿನ ಮೇಲೆ ಮಲಗಿಸಿ ಊರಿಗೆ ತಂದ ದಿನವೇ ಗುರುಲಿಂಗಯ್ಯ ಹಿರಿಯರನ್ನು ಕರೆಸಿದ. ಮುರಿದ ತೊಲೆಯ ತುಂಡನ್ನು ಎಲ್ಲರ ಮುಂದೆ ಹಾಕಿದ.

"ನಾ ಕೊಟ್ಟಿದ್ದು ಸಾಗವಾನಿ. ಈ ಬಡಿಗ ಅದನ್ನ ಮಾರ್ಕೊಂಡು ಪೆಟಗಿ ಕಟಗಿ ಹಾಕ್ಯಾನ. ನನ್ನ ತಮ್ಮನ ಹೇಣ್ತಿನ್ನ ಕುಂಟಿ ಮಾಡ್ಯಾನ."

"ಸುಳ್ಳರಿ!" ಸಾಯಬಣ್ಣನ ದನಿ ಒಡೆಯಿತು. "ಇವರೇ ತಂದಿದ್ದು. ಒರಲಿ ತಿಂತದ ಅಂತ ನಾ ಹೇಳಿದ್ದೆ. ಆರೇಳು ವರ್ಷ ಸಾಕು ಅಂದವರು ಇವರು!"

"ಸಾಕ್ಷಿ ಯಾರಪ್ಪ?" ಎಂದರು ಹಿರಿಯರು.

ಸಾಕ್ಷಿ ಯಾರೂ ಇರಲಿಲ್ಲ. ಸಾಯಬಣ್ಣ ಹೊರಸಿನ ಕಡೆ ತಿರುಗಿ ಕೈ ಜೋಡಿಸಿದ. "ಯವ್ವಾ, ಇವರೆಂಥವರಂತ ನಿಂಗ ಗೊತ್ತದ. ನೀನರ ಹೇಳು."

ಸೂಗಮ್ಮ ಮೊಣಕೈ ಊರಿ ಅವನ ಕಡೆ ತಿರುಗಿದಳು.

"ಕಟಗಿ ಯಾರು ತಂದ್ರೋ ನಾ ನೋಡಿಲ್ಲ," ಎಂದಳು. "ಭಾವ ನನಗ ವೈರಿ ಅಂತ ಗೊತ್ತಿತ್ತು. ಅವರ ಕೈಲೆ ನೀರು ಸೈತ ನೋಡಿ ಕುಡೀತಿದ್ದೆ. ನಿನ್ನ ಹಂಗ ನೋಡಲಿಲ್ಲ. ಏಣಿ ಮ್ಯಾಲ ನಿಂತು ನೀ ತಟ್ಟಿದಾಗ ಆ ಸಪ್ಪಳ ನಾನೂ ಕೇಳೀನಿ ಸಾಯಬಣ್ಣ. ಗಟ್ಟಿ ಅದ ಅಂದಿ. ನಾ ನಂಬಿದೆ."

ಅಣ್ಣ ಎಂದು ಕರೆಯುವಾಗಿನ ಮೆತ್ತಗಿನ ದನಿ ಆ ಹೆಸರಿನಲ್ಲಿ ಇರಲಿಲ್ಲ.

ಹಿರಿಯರು ತೀರ್ಮಾನ ಹೇಳಿದರು. ಬಡಿಗ ಎಲ್ಲರೆದುರು ಗುರುಲಿಂಗಯ್ಯನ ಕಾಲು ಹಿಡಿಯಬೇಕು. ಖೋಲಿ ಬಿದ್ದುಹೋದವು, ನೋಡಿಕೊಳ್ಳುವವರೂ ಇಲ್ಲ, ಆದ್ದರಿಂದ ಸೂಗಮ್ಮ ಸೇಡಂ ಕಡೆಯ ಮುಧೋಳದ ತವರಿಗೆ ಹೋಗಬೇಕು. ಜಾಗ ಗುರುಲಿಂಗಯ್ಯನಿಗೆ. ಸಾಯಬಣ್ಣ ಕಾಲು ಹಿಡಿದ. ಗುರುಲಿಂಗಯ್ಯ ಕಾಲು ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಇಟ್ಟಿದ್ದ.

ಮರುದಿನ ಬೆಳಿಗ್ಗೆ ಹೊರಸಿನ ಸಮೇತ ಸೂಗಮ್ಮನನ್ನು ಬಂಡಿಗೆ ಏರಿಸಿದರು. ಬಂಡಿ ಸೇಡಂ ದಾರಿ ಹಿಡಿಯಿತು. ಸಾಯಬಣ್ಣ ತನ್ನ ಮನೆಯ ಕದ ಮುಂದಕ್ಕೆ ಮಾಡಿಕೊಂಡು ಒಳಗೇ ಕೂತ.

ಒಂದು ವಾರ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಳ್ಳ ಬಡಿಗನೆಂಬ ಹೆಸರು ವಾಡಿ, ಚಿತ್ತಾಪುರದ ತನಕ ಮುಟ್ಟಿತ್ತು. ಎಂಟನೆಯ ದಿನ ಗುರುಲಿಂಗಯ್ಯನ ಆಳು ಬಂದ. ಹಿತ್ತಲ ಜಾಗದಲ್ಲಿ ಕಚೇರಿ ಏಳುತ್ತದೆ, ಚೌಕಟ್ಟು ಮಾಡಬೇಕು.

ಸಾಯಬಣ್ಣ ಬಾಚಿ, ಉಳಿ ಚೀಲಕ್ಕೆ ಹಾಕಿಕೊಂಡು ಹೋದ. ಗುರುಲಿಂಗಯ್ಯ ಅಳತೆ ಹೇಳಿದ, ಯಾವ ಕಟ್ಟಿಗೆಯೆಂದು ತೋರಿಸಿದ, ಆಮೇಲೆ ಕೇಳಿದ, "ಛಾ ಕುಡೀತಿ ಏನು?"

"ಹೂಂರಿ," ಎಂದು ಸಾಯಬಣ್ಣ ಛಾದ ಬಸಿ ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತ.